ಎರಡು ಬಾರಿ ಹುಟ್ಟಿದ ನಗರ ವಾರ್ಸಾ

ಯೂರೋಪಿನ ರಾಜಧಾನಿಗಳು ಎಂದೊಡನೆ ನಮ್ಮ ಪ್ರವಾಸಿಗರ ಕಣ್ಣಮುಂದೆ ಬಂದು ನಿಲ್ಲುವುದು ಲಂಡನ್, ಪ್ಯಾರಿಸ್, ರೋಮ್, ವಿಯೆನ್ನಾ ಮೊದಲಾದ ನಾಲ್ಕಾರು ಹೆಸರುಗಳು. ಪೋಲೆಂಡಿನ ರಾಜಧಾನಿಯಾದ ವಾರ್ಸಾಕ್ಕೆ ಆ ಸಾಲಿನಲ್ಲಿ ಎಡೆ ದೊರೆಯುವುದು ಅಪರೂಪ. ಪ್ಯಾರಿಸಿನ ಸೊಬಗಾಗಲಿ ರೋಮಿನ ಪ್ರಾಚೀನತೆಯಾಗಲಿ ಅದಕ್ಕಿಲ್ಲವೆಂಬುದು ನಿಜ. ಆದರೂ ನಗರವೆಂದರೇನು, ಅದು ಎಲ್ಲಿ ಬದುಕಿರುತ್ತದೆ, ಇಟ್ಟಿಗೆಯಲ್ಲಿಯೋ ಮನುಷ್ಯರ ನೆನಪಿನಲ್ಲಿಯೋ ಎಂಬ ಪ್ರಶ್ನೆಯನ್ನು ಪ್ರವಾಸಿಗನ ಮುಂದೆ ಇಷ್ಟು ನೇರವಾಗಿ ತಂದಿರಿಸುವ ರಾಜಧಾನಿ ಮತ್ತೊಂದಿರಲಾರದು.

ವಾರ್ಸಾಕ್ಕೆ ಬಂದವರೆಲ್ಲರೂ ಮೊದಲು ಹೋಗಿ ನೋಡುವುದು ಅಲ್ಲಿಯ 'ಹಳೆಯ ಪೇಟೆ'ಯನ್ನು. ಕಲ್ಲು ಹಾಸಿದ ಇಕ್ಕಟ್ಟಾದ ಓಣಿಗಳು. ಅವುಗಳ ಕೊನೆಗೆ ವಿಶಾಲವಾದ ಸಂತೆಯ ಚೌಕ. ಚೌಕದ ನಾಲ್ಕು ಕಡೆಗೂ ಒಂದಕ್ಕೊಂದು ಭುಜ ತಾಗಿಸಿ ನಿಂತ ಕೆಂಪು, ಹಳದಿ, ಹಸುರು ಬಣ್ಣದ ಎತ್ತರದ ಮನೆಗಳು. ಬಾಗಿಲುಗಳ ಮೇಲೆ ಕೆತ್ತನೆ, ಗೋಡೆಗಳ ಮೇಲೆ ಚಿತ್ತಾರ. ಇವೆಲ್ಲ ನಾಲ್ಕೈದು ನೂರು ವರ್ಷಗಳಿಂದ ಹೀಗೆಯೇ ನಿಂತು ಬಂದಿವೆಯೆಂದು ಯಾರಿಗಾದರೂ ಅನ್ನಿಸದಿರದು. ಆದರೆ ಈ ಚೌಕದ ಉದ್ಘಾಟನೆಯಾದದ್ದು ೧೯೫೩ನೆಯ ಇಸವಿಯ ಜುಲೈ ೨೨ರಂದು! ಅದಕ್ಕೆ ಎಂಟು ವರ್ಷಗಳ ಹಿಂದೆ ಅಲ್ಲಿದ್ದುದು ಮುರಿದ ಗೋಡೆಗಳ ನಡುವೆ ಇಟ್ಟಿಗೆಯ ರಾಶಿ ಮಾತ್ರ.

ಮತ್ಸ್ಯಕನ್ಯೆಯ ಊರು

ವಾರ್ಸಾ ವಿಸ್ತುಲಾ ನದಿಯ ಎತ್ತರವಾದ ಎಡದಂಡೆಯ ಮೇಲೆ ಬೆಳೆದ ಊರು. ಅದರ ಲಾಂಛನ ಒಬ್ಬ ಮತ್ಸ್ಯಕನ್ಯೆ. ಕಡಲ ಕತೆಗಳ ಮತ್ಸ್ಯಕನ್ಯೆಯರಂತೆ ಕನ್ನಡಿ ಹಿಡಿದು ಕೂದಲು ಬಾಚುವವಳಲ್ಲ ಇವಳು. ಒಂದು ಕೈಯಲ್ಲಿ ಕತ್ತಿ, ಮತ್ತೊಂದರಲ್ಲಿ ಗುರಾಣಿ ಹಿಡಿದ ವೀರೆ. ತನ್ನನ್ನು ಸೆರೆಯಿಂದ ಬಿಡಿಸಿದ ಬೆಸ್ತರ ಊರನ್ನು ಎಂದೆಂದಿಗೂ ಕಾಯುವೆನೆಂದು ಆಕೆ ಮಾತು ಕೊಟ್ಟಳೆಂಬುದು ಐತಿಹ್ಯ. ಹಳೆಯ ಪೇಟೆಯ ಚೌಕದ ನಡುವೆ ೧೮೫೫ರಲ್ಲಿ ನಿಲ್ಲಿಸಿದ ಮತ್ಸ್ಯಕನ್ಯೆಯ ಮೂರ್ತಿಯುಂಟು. ನದಿಯ ದಡದಲ್ಲಿರುವ ಇನ್ನೊಂದು ಮೂರ್ತಿ ೧೯೩೯ರದು. ಅದನ್ನು ರಚಿಸಿದ ಶಿಲ್ಪಿ ಲುದ್ವಿಕಾ ನಿಚೋವಾ. ಮೂರ್ತಿಗೆ ಮಾದರಿಯಾಗಿ ನಿಂತವಳು ಕ್ರಿಸ್ತಿನಾ ಕ್ರಹೆಲ್‌ಸ್ಕಾ ಎಂಬ ತರುಣ ಕವಯಿತ್ರಿ. ಐದು ವರ್ಷಗಳ ತರುವಾಯ ನಗರದ ದಂಗೆಯಲ್ಲಿ ಗಾಯಾಳುಗಳ ಶುಶ್ರೂಷೆಗೆ ಹೋದ ಆ ತರುಣಿ ಗುಂಡಿಗೆ ತುತ್ತಾಗಿ ಮಡಿದಳು. ಹೆಸರಾಂತ ಮೂರ್ತಿಯ ಹಿಂದೆಯೂ ಹೀಗೆ ಒಂದು ಸಾವಿನ ಕತೆಯಿರುವುದು ಈ ಊರಿನಲ್ಲಿ ಹೊಸದೇನಲ್ಲ.

ಪೋಲೆಂಡಿನ ಹಿಂದಿನ ರಾಜಧಾನಿ ದಕ್ಷಿಣದ ಕ್ರಾಕೋವ್. ಮೂರನೆಯ ಸಿಗಿಸ್ಮಂಡ್ ದೊರೆಯು ೧೫೯೬ರ ಸುಮಾರಿಗೆ ತನ್ನ ಆಸ್ಥಾನವನ್ನು ವಾರ್ಸಾಕ್ಕೆ ತರಲು ತೊಡಗಿದನು. ಆಗ ಪೋಲೆಂಡ್ ಮತ್ತು ಲಿಥುವೇನಿಯಾಗಳು ಒಂದುಗೂಡಿ ಯೂರೋಪಿನ ದೊಡ್ಡ ರಾಜ್ಯಗಳಲ್ಲೊಂದಾಗಿದ್ದವು. ಎರಡಕ್ಕೂ ನಡುವಿನ ಸ್ಥಳ ವಾರ್ಸಾ. ದೊರೆಯ ಮಗನು ತಂದೆಯ ನೆನಪಿಗಾಗಿ ೧೬೪೪ರಲ್ಲಿ ಅರಮನೆಯ ಮುಂದೆ ನಿಲ್ಲಿಸಿದ ಎತ್ತರದ ಕಂಬವು ಇಂದಿಗೂ ಊರಿನ ಗುರುತಾಗಿದೆ. ಆ ಅರಮನೆಯಲ್ಲಿಯೇ ೧೭೯೧ರ ಮೇ ೩ರಂದು ಅಂಗೀಕೃತವಾದ ಸಂವಿಧಾನವು ಯೂರೋಪಿನ ಮೊತ್ತಮೊದಲ ಆಧುನಿಕ ಲಿಖಿತ ಸಂವಿಧಾನವೆಂದು ಹೆಸರು ಪಡೆದಿದೆ.

ಆದರೆ ಆ ಸಂವಿಧಾನಕ್ಕೆ ಬಾಳುವ ಭಾಗ್ಯವಿರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಈ ಮೂರು ನೆರೆರಾಜ್ಯಗಳು ೧೭೭೨, ೧೭೯೩, ೧೭೯೫ ಹೀಗೆ ಮೂರು ಸಲ ಪೋಲೆಂಡನ್ನು ಹರಿದು ಹಂಚಿಕೊಂಡವು. ಅಲ್ಲಿಂದ ೧೯೧೮ರವರೆಗೆ, ೧೨೩ ವರ್ಷಗಳ ಕಾಲ, ಯೂರೋಪಿನ ಭೂಪಟದಲ್ಲಿ ಸ್ವತಂತ್ರ ಪೋಲೆಂಡ್ ಎಂಬ ದೇಶವೇ ಇರಲಿಲ್ಲ.

ದೇಶವಿಲ್ಲದ ಜನರು ದೇಶವನ್ನು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕಾಯಿತು. ಸಂಗೀತಗಾರ ಶೊಪ್ಯಾನ್ ೧೮೩೦ರ ನವೆಂಬರಿನಲ್ಲಿ ವಾರ್ಸಾ ಬಿಟ್ಟವರು ಮತ್ತೆ ತಾಯ್ನಾಡನ್ನು ಕಾಣಲಿಲ್ಲ. ೧೮೪೯ರಲ್ಲಿ ಪ್ಯಾರಿಸಿನಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆ ಅವರ ಹೃದಯವನ್ನು ಅಕ್ಕ ಲುದ್ವಿಕಾ ತಾಯ್ನಾಡಿಗೆ ತಂದರು. ಪವಿತ್ರ ಶಿಲುಬೆಯ ಚರ್ಚಿನ ಒಂದು ಕಂಬದೊಳಗೆ ಅದನ್ನು ಇಂದಿಗೂ ಕಾಪಾಡಿದ್ದಾರೆ. ೧೮೬೭ರಲ್ಲಿ ಫ್ರೇತಾ ಬೀದಿಯ ಒಂದು ಮನೆಯಲ್ಲಿ ಹುಟ್ಟಿದ ಮಾರಿಯಾ ಸ್ಕ್ಲೊದೋವ್‌ಸ್ಕಾ, ಮುಂದೆ ಲೋಕವಿಖ್ಯಾತರಾದ ಮೇರಿ ಕ್ಯೂರಿ, ಓದಿದ್ದು ರಷ್ಯನರ ಕಣ್ಣು ತಪ್ಪಿಸಿ ಮನೆಯಿಂದ ಮನೆಗೆ ತಿರುಗುತ್ತಿದ್ದ 'ಹಾರುವ ವಿಶ್ವವಿದ್ಯಾಲಯ'ದಲ್ಲಿ. ೧೮೯೮ರಲ್ಲಿ ಪ್ಯಾರಿಸಿನಲ್ಲಿ ತಾವು ಮತ್ತು ತಮ್ಮ ಪತಿ ಕಂಡುಹಿಡಿದ ಹೊಸ ಧಾತುವಿಗೆ ಆಕೆ 'ಪೊಲೋನಿಯಂ' ಎಂದು ಹೆಸರಿಟ್ಟರು. ಭೂಪಟದಲ್ಲಿ ಇಲ್ಲದ ದೇಶದ ಹೆಸರು ರಸಾಯನಶಾಸ್ತ್ರದ ಪಟ್ಟಿಯಲ್ಲಿ ಸೇರಿಕೊಂಡಿತು. ಕಳೆದುಹೋದುದನ್ನು ನೆನಪಿನಲ್ಲಿ ಕಾಪಾಡುವ ಈ ಅಭ್ಯಾಸವು ಅರ್ಧ ಶತಮಾನದ ಬಳಿಕ ಇಡೀ ಊರನ್ನೇ ಮರಳಿ ಕಟ್ಟುವ ಕೆಲಸಕ್ಕೆ ಬಂದಿತು.

ಅಳಿಸಿಹಾಕುವ ಹಂಚಿಕೆ

೧೯೩೯ರ ಸೆಪ್ಟೆಂಬರ್ ೧ರಂದು ಹಿಟ್ಲರನ ಸೇನೆ ಪೋಲೆಂಡಿನ ಮೇಲೆ ಎರಗಿತು. ಆಗ ವಾರ್ಸಾದ ಜನಸಂಖ್ಯೆ ಸುಮಾರು ೧೩ ಲಕ್ಷ. ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಯಹೂದಿಗಳು. ಸುಮಾರು ಮೂರು ವಾರಗಳ ಮುತ್ತಿಗೆಯಾದ ಮೇಲೆ, ಸೆಪ್ಟೆಂಬರ್ ೨೮ರಂದು, ನಗರವು ಶರಣಾಯಿತು. ವಾರ್ಸಾವನ್ನು ಕುಗ್ಗಿಸಿ ಅಲ್ಲಿ ಒಂದು ಸಣ್ಣ ಜರ್ಮನ್ ಪಟ್ಟಣವನ್ನು ಕಟ್ಟುವ ನಕ್ಷೆಗಳು ೧೯೪೦ರಲ್ಲಿಯೇ ಸಿದ್ಧವಾದವು. ರಾಜರ ಅರಮನೆಯ ಗೋಡೆಗಳಲ್ಲಿ ಡೈನಮೈಟ್ ತುಂಬಲೆಂದು ಸಾಲುಸಾಲಾಗಿ ತೂತುಗಳನ್ನು ಕೊರೆದಿಟ್ಟರು. ಶೊಪ್ಯಾನರ ಕಂಚಿನ ಪ್ರತಿಮೆಯನ್ನು ೧೯೪೦ರ ಮೇ ತಿಂಗಳ ಕೊನೆಗೆ ಒಡೆದುಹಾಕಿದರು.

೧೯೪೦ರ ನವೆಂಬರಿನಲ್ಲಿ ಊರಿನ ಒಂದು ಭಾಗಕ್ಕೆ ಗೋಡೆ ಕಟ್ಟಿ ಯಹೂದಿಗಳನ್ನು ಅದರೊಳಗೆ ಕೂಡಿಹಾಕಿದರು. ಸುಮಾರು ೩.೪ ಚದರ ಕಿಲೋಮೀಟರಿನೊಳಗೆ ೪ ಲಕ್ಷಕ್ಕಿಂತ ಹೆಚ್ಚು ಜನ! ಹಸಿವೆ ಮತ್ತು ಜ್ವರ ದಿನದಿನವೂ ಹೆಣಗಳನ್ನು ಬೀದಿಗೆ ತಂದವು. ೧೯೪೨ರ ಜುಲೈ ೨೨ರಿಂದ ಸೆಪ್ಟೆಂಬರಿನವರೆಗೆ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಜನರನ್ನು ರೈಲುಗಾಡಿಗಳಲ್ಲಿ ತುಂಬಿ ತ್ರೆಬ್ಲಿಂಕಾದ ವಿಷಾನಿಲದ ಕೋಣೆಗಳಿಗೆ ಸಾಗಿಸಿದರು. ಉಳಿದವರು ೧೯೪೩ರ ಏಪ್ರಿಲ್ ೧೯ರಂದು ಕೈಗೆ ಸಿಕ್ಕ ಪಿಸ್ತೂಲು, ಬಾಂಬುಗಳಿಂದಲೇ ತಿರುಗಿಬಿದ್ದರು. ಸುಮಾರು ಒಂದು ತಿಂಗಳು ಹೋರಾಟ ನಡೆಯಿತು. ಮೇ ೧೬ರಂದು ನಗರದ ಮಹಾ ಯಹೂದಿ ಮಂದಿರವನ್ನು ಸಿಡಿಸಿ, ಗೋಡೆಯೊಳಗಿನ ಊರನ್ನು ಮನೆಮನೆಗೂ ಕೆಡವಿದರು.

ಮರುವರ್ಷ, ೧೯೪೪ರ ಆಗಸ್ಟ್ ೧ರ ಸಂಜೆ ಐದು ಗಂಟೆಗೆ, ಇಡೀ ನಗರ ದಂಗೆಯೆದ್ದಿತು. ಕೆಲವು ದಿನಗಳಲ್ಲಿ ಮುಗಿಯಬಹುದೆಂದು ಬಗೆದ ಕಾಳಗವು ೬೩ ದಿನ ನಡೆಯಿತು. ಸೆಪ್ಟೆಂಬರಿನಲ್ಲಿ ಸೋವಿಯತ್ ಸೇನೆ ನದಿಯ ಆಚೆಯ ದಡಕ್ಕೆ ಬಂದು ನಿಂತರೂ ಈಚೆ ದಡದವರಿಗೆ ಬೇಕಾದಷ್ಟು ನೆರವು ದೊರೆಯಲಿಲ್ಲ. ಒಂದೂವರೆ ಲಕ್ಷದಿಂದ ಎರಡು ಲಕ್ಷದಷ್ಟು ನಾಗರಿಕರು ಸತ್ತರೆಂದು ಅಂದಾಜು. ಅಕ್ಟೋಬರಿನ ಆರಂಭದಲ್ಲಿ ದಂಗೆಕೋರರು ಶರಣಾದ ಮೇಲೆ, ಬದುಕಿ ಉಳಿದವರನ್ನೆಲ್ಲ ಊರಿನಿಂದ ಹೊರಗಟ್ಟಿದರು.

ಆಮೇಲೆ ನಡೆದುದು ಯುದ್ಧವಲ್ಲ. ಜನರಿಲ್ಲದ ಊರಿನಲ್ಲಿ ಬೆಂಕಿ ಹಚ್ಚುವ ತುಕಡಿಗಳೂ ಸಿಡಿಮದ್ದಿನ ತುಕಡಿಗಳೂ ಬೀದಿಯಿಂದ ಬೀದಿಗೆ ಕ್ರಮವಾಗಿ ನಡೆದುಹೋದವು. ಪುಸ್ತಕ ಭಂಡಾರಗಳನ್ನು ಸುಟ್ಟರು. ಅರಮನೆಯ ಗೋಡೆಗಳಲ್ಲಿ ಕೊರೆದಿಟ್ಟಿದ್ದ ತೂತುಗಳಿಗೆ ಕೊನೆಗೂ ಮದ್ದು ತುಂಬಿತು. ೧೯೪೫ರ ಜನವರಿ ೧೭ರಂದು ಸೋವಿಯತ್ ಮತ್ತು ಪೋಲಿಷ್ ಪಡೆಗಳು ಒಳಬಂದಾಗ, ನಗರದ ಸುಮಾರು ಶೇಕಡಾ ೮೫ರಷ್ಟು ಕಟ್ಟಡಗಳು ಹಾಳಾಗಿದ್ದವು. ಪಾಳುಮನೆಗಳಲ್ಲಿ ಅವಿತು ಜೀವ ಉಳಿಸಿಕೊಂಡ ಕೆಲವೇ ಜನರನ್ನು 'ರಾಬಿನ್ಸನ್ನರು' ಎಂದು ಕರೆದರು. ಮುಂದೆ 'ದಿ ಪಿಯಾನಿಸ್ಟ್' ಎಂಬ ಚಲನಚಿತ್ರದಿಂದ ಜಗತ್ತಿಗೆಲ್ಲ ಪರಿಚಿತರಾದ ಪಿಯಾನೋ ವಾದಕ ಸ್ಪಿಲ್‌ಮನ್ ಅವರಲ್ಲೊಬ್ಬರು.

ಕಾಗದದಲ್ಲಿ ಉಳಿದ ನಗರ

ರಾಜಧಾನಿಯನ್ನು ಬೇರೆ ಊರಿಗೆ ಒಯ್ಯಬೇಕೆಂಬ ಸೂಚನೆಯೂ ಆಗ ಬಂದಿತ್ತು. ಹಾಗಾಗಲಿಲ್ಲ. ಅದೇ ಸ್ಥಳದಲ್ಲಿ ಊರನ್ನು ಕಟ್ಟುವುದೆಂದು ನಿಶ್ಚಯವಾಗಿ, ೧೯೪೫ರ ಫೆಬ್ರವರಿಯಲ್ಲಿ 'ರಾಜಧಾನಿ ಪುನರ್ನಿರ್ಮಾಣ ಕಚೇರಿ' ತೆರೆಯಿತು. ಹಳೆಯ ಕಟ್ಟಡಗಳ ಹೊಣೆಯನ್ನು ಹೊತ್ತವರು ವಾಸ್ತುಶಿಲ್ಪಿ ಯಾನ್ ಜಾಖ್ವಾತೋವಿಚ್. ಆದರೆ ಬೂದಿಯಾದ ಮನೆಯ ಬಾಗಿಲು ಎಷ್ಟು ಅಗಲವಿತ್ತು, ಕಿಟಕಿಯ ಮೇಲಿನ ಕಮಾನು ಹೇಗಿತ್ತು ಎಂಬುದನ್ನು ಹೇಳುವವರಾರು?

ಅದಕ್ಕೆ ಉತ್ತರ ಮೊದಲೇ ಸಿದ್ಧವಾಗಿತ್ತು. ವಾರ್ಸಾ ತಾಂತ್ರಿಕ ವಿದ್ಯಾಲಯದ ಪೋಲಿಷ್ ವಾಸ್ತುಶಿಲ್ಪ ವಿಭಾಗದ ಅಧ್ಯಾಪಕರೂ ವಿದ್ಯಾರ್ಥಿಗಳೂ ಯುದ್ಧಕ್ಕೆ ಮುಂಚಿನಿಂದಲೇ ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುತ್ತಿದ್ದರು. ಆ ವಿಭಾಗವನ್ನು ಕಟ್ಟಿ ಬೆಳೆಸಿದ ಪ್ರಾಧ್ಯಾಪಕ ಓಸ್ಕರ್ ಸೊಸ್ನೋವ್‌ಸ್ಕಿ ೧೯೩೯ರ ಮುತ್ತಿಗೆಯಲ್ಲಿ ಗಾಯಗೊಂಡು ಪ್ರಾಣ ಬಿಟ್ಟರು. ಜರ್ಮನರ ಆಳ್ವಿಕೆಯಲ್ಲಿಯೂ ಜಾಖ್ವಾತೋವಿಚರೂ ಅವರ ಜತೆಯವರೂ ಗುಟ್ಟಾಗಿ ಪಾಠ ಹೇಳುತ್ತ, ಗುಟ್ಟಾಗಿ ಅಳತೆಯ ಕೆಲಸವನ್ನು ಮುಂದುವರಿಸಿದರು. ದಂಗೆ ಅಡಗಿ ಊರು ಉರಿಯುತ್ತಿದ್ದಾಗ ಆ ನಕ್ಷೆಗಳನ್ನು ಕದ್ದು ಸಾಗಿಸಿ ಪಿಯೊತ್ರ್‌ಕೂಫ್ ಎಂಬ ಊರಿನ ಕ್ರೈಸ್ತ ಮಠದಲ್ಲಿ ಅಡಗಿಸಿಟ್ಟರು. ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಿರ್ದೇಶಕ ಸ್ತಾನಿಸ್ಲಾವ್ ಲೋರೆಂಟ್ಸರೂ ಅವರ ಸಂಗಡಿಗರೂ ೧೯೩೯ರಲ್ಲಿಯೇ ಅರಮನೆಯ ಚಿತ್ರಪಟಗಳನ್ನೂ ಕೆತ್ತನೆಯ ತುಂಡುಗಳನ್ನೂ ಆದಷ್ಟು ಹೊರಕ್ಕೆ ತಂದು ಉಳಿಸಿದ್ದರು.

ಇನ್ನೊಬ್ಬ ಸಾಕ್ಷಿಯೂ ಒದಗಿದನು. ಅವನು ಸತ್ತು ೧೬೫ ವರ್ಷಗಳಾಗಿದ್ದವು! ವೆನಿಸಿನಲ್ಲಿ ಹುಟ್ಟಿದ ಬೆರ್ನಾರ್ದೊ ಬೆಲ್ಲೊಟ್ಟೊ ಪ್ರಸಿದ್ಧ ಚಿತ್ರಕಾರ ಕನಲೆತ್ತೊನ ಸೋದರಳಿಯ. ಪೋಲೆಂಡಿನ ಕೊನೆಯ ದೊರೆ ಸ್ತಾನಿಸ್ಲಾವ್ ಆಗಸ್ಟನ ಆಸ್ಥಾನದಲ್ಲಿದ್ದುಕೊಂಡು ೧೭೭೦ರಿಂದ ೧೭೮೦ರಲ್ಲಿ ತಾನು ಸಾಯುವವರೆಗೆ ಅವನು ವಾರ್ಸಾದ ಬೀದಿಗಳನ್ನೂ ಅರಮನೆಗಳನ್ನೂ ಚರ್ಚುಗಳನ್ನೂ ಇಪ್ಪತ್ತಕ್ಕೂ ಹೆಚ್ಚು ದೊಡ್ಡ ಚಿತ್ರಗಳಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಬರೆದಿಟ್ಟಿದ್ದನು. ದೊರೆಯ ಸಂತೋಷಕ್ಕಾಗಿ ಬರೆದ ಚಿತ್ರಗಳು ಕಟ್ಟಡದ ಮೇಸ್ತ್ರಿಗಳಿಗೆ ಕೈಪಿಡಿಯಾದವು. ಇಂದು ಅವು ಅರಮನೆಯ ಒಂದು ಕೋಣೆಯಲ್ಲಿ ತೂಗಾಡುತ್ತಿವೆ. ಪ್ರವಾಸಿಗನು ಚಿತ್ರವನ್ನು ನೋಡಿ, ಹೊರಗೆ ಬಂದು ಬೀದಿಯನ್ನೂ ನೋಡಬೇಕು. ಎರಡು ಶತಮಾನಗಳ ಹಿಂದಿನ ಚಿತ್ರವೇ ಮೂಲ, ಮುಂದಿರುವ ಮನೆಯೇ ಅದರ ಪ್ರತಿ!

ಕೆಲಸಕ್ಕೆ ದೇಶವೆಲ್ಲ ಕೈಹಾಕಿತು. 'ಇಡೀ ರಾಷ್ಟ್ರ ತನ್ನ ರಾಜಧಾನಿಯನ್ನು ಕಟ್ಟುತ್ತಿದೆ' ಎಂಬುದು ಅಂದಿನ ಘೋಷಣೆ. ಜನರಿಂದ ಚಂದಾ ಎತ್ತಿದರು. ವಿದ್ಯಾರ್ಥಿಗಳೂ ಗೃಹಿಣಿಯರೂ ಸಿಪಾಯಿಗಳೂ ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ಸಾಗಿಸಿದರು. ಒಡೆದ ಇಟ್ಟಿಗೆಯನ್ನು ಪುಡಿಮಾಡಿ ಸಿಮೆಂಟಿನೊಡನೆ ಕಲಸಿ ಹೊಸ ಗೋಡೆಗೆ ಬಳಸಿದರು. ಅವಶೇಷಗಳಲ್ಲಿ ಸಿಕ್ಕ ಕೆತ್ತನೆಯ ಕಲ್ಲು, ಬಾಗಿಲ ಚೌಕಟ್ಟುಗಳನ್ನು ಸಾಧ್ಯವಾದಲ್ಲಿ ಮೊದಲಿದ್ದ ಸ್ಥಾನಕ್ಕೇ ಸೇರಿಸಿದರು. ಉರುಳಿಬಿದ್ದಿದ್ದ ಸಿಗಿಸ್ಮಂಡನ ಕಂಬವು ೧೯೪೯ರಲ್ಲಿ ಮತ್ತೆ ಮೇಲೆದ್ದಿತು. ಅದರ ಹಳೆಯ ತುಂಡುಗಳನ್ನು ಅರಮನೆಯ ಪಕ್ಕದಲ್ಲಿ ಇಂದಿಗೂ ನೋಡಬಹುದು. ಅರಮನೆಗೆ ಮಾತ್ರ ಬಹಳ ವರ್ಷ ಅಪ್ಪಣೆ ದೊರೆಯಲಿಲ್ಲ. ಕಮ್ಯೂನಿಸ್ಟ್ ಸರ್ಕಾರಕ್ಕೆ ದೊರೆಗಳ ಮನೆಯ ಬಗ್ಗೆ ಆತುರವಿರಲಿಲ್ಲ. ಕೊನೆಗೆ ೧೯೭೧ರಲ್ಲಿ ನಿರ್ಣಯವಾಗಿ, ಜನರ ಕಾಣಿಕೆಯಿಂದಲೇ ಕಟ್ಟಡವೆದ್ದು, ೧೯೮೪ರಲ್ಲಿ ಅದರ ಬಾಗಿಲು ಸಾರ್ವಜನಿಕರಿಗೆ ತೆರೆಯಿತು.

ನಿಜವೋ ನಕಲೋ?

ಹಾಗಾದರೆ ಪ್ರವಾಸಿಗನು ನೋಡುವುದು ಹಳೆಯ ಊರನ್ನೋ, ನಾಟಕದ ಪರದೆಯನ್ನೋ? ಈ ಸಂಶಯ ಪಂಡಿತರನ್ನೂ ಕಾಡಿದೆ. ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ೧೯೬೪ರಲ್ಲಿ ರೂಪುಗೊಂಡ ವೆನಿಸ್ ಸನ್ನದು, ಬಿದ್ದುದನ್ನು ಊಹೆಯ ಮೇಲೆ ಹೊಸದಾಗಿ ಕಟ್ಟಬಾರದೆನ್ನುತ್ತದೆ. ಆ ಸನ್ನದನ್ನು ರೂಪಿಸಿದವರ ಪಟ್ಟಿಯಲ್ಲಿ ಜಾಖ್ವಾತೋವಿಚರ ಹೆಸರೂ ಉಂಟು! ತಮ್ಮ ಊರಿನಲ್ಲಿ ತಾವು ಮಾಡಿದ್ದು ಶಾಸ್ತ್ರಕ್ಕೆ ಹೊರಗಿನ ಕೆಲಸವೆಂದು ಅವರು ಅರಿಯದವರಲ್ಲ. ಬೇಕೆಂದೇ ನಾಶಮಾಡಿದ ಸಂಸ್ಕೃತಿಯ ಕುರುಹನ್ನು ಮುಂದಿನ ಪೀಳಿಗೆಗೆ ಒಪ್ಪಿಸುವುದು ಕರ್ತವ್ಯವೆಂಬುದು ಅವರ ನಿಲುವಾಗಿತ್ತು. ಯುದ್ಧಕಾಲದಲ್ಲಿ ಕಲಾಸಂಪತ್ತನ್ನು ರಕ್ಷಿಸುವ ೧೯೫೪ರ ಹೇಗ್ ಒಪ್ಪಂದದ ನೀಲಿ ಗುರಾಣಿಯ ಚಿಹ್ನೆಯನ್ನು ರಚಿಸಿದವರೂ ಅವರೇ. ೧೯೮೦ರಲ್ಲಿ ಯುನೆಸ್ಕೊ ಈ ಹಳೆಯ ಪೇಟೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರಾಚೀನತೆಗಾಗಿ ಕೊಟ್ಟ ಗೌರವವಲ್ಲ ಅದು. ಹದಿಮೂರನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದವರೆಗಿನ ಒಂದು ಇತಿಹಾಸವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಮರಳಿ ನಿಲ್ಲಿಸಿದ ಸಾಹಸಕ್ಕೆ ಸಂದ ಮನ್ನಣೆ.

ಹಾಗೆಂದು ಎಲ್ಲವನ್ನೂ ಕಣ್ಣುಮುಚ್ಚಿ ಹೊಗಳಬೇಕಾಗಿಲ್ಲ. ಮರಳಿ ಕಟ್ಟಿದವರು ತಮಗೆ ಒಪ್ಪಿದ ಕಾಲವನ್ನು ಆರಿಸಿಕೊಂಡರು. ಸಂತ ಯೋಹಾನನ ಕೆಥೆಡ್ರಲಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಇಟ್ಟಿದ್ದ ಮುಖವನ್ನು ಬಿಟ್ಟು, ಅದಕ್ಕೂ ಹಿಂದಿನ ಇಟ್ಟಿಗೆಯ ಗಾಥಿಕ್ ಮುಖವನ್ನು ಊಹಿಸಿ ನಿಲ್ಲಿಸಿದರು. ಹಳೆಯ ಪೇಟೆಯ ಮನೆಗಳು ಹೊರಗೆ ವರ್ತಕರ ಮಹಲುಗಳಂತೆ ಕಂಡರೂ ಒಳಗೆ ಇಪ್ಪತ್ತನೆಯ ಶತಮಾನದ ಸಾಮಾನ್ಯ ವಸತಿಗಳು. ಮೊದಲಿನ ಇಕ್ಕಟ್ಟಾದ ಹಿತ್ತಲು ಕಟ್ಟಡಗಳನ್ನು ಕೈಬಿಟ್ಟುದರಿಂದ ಅಂಗಳಗಳಿಗೆ ಗಾಳಿ ಬೆಳಕು ಬಂದಿತು. ವಾರ್ಸಾದ ಗೋಡೆಗಳಿಗಾಗಿ, ಯುದ್ಧದ ತರುವಾಯ ಪೋಲೆಂಡಿಗೆ ಸೇರಿದ ವ್ರೊಟ್ಸ್‌ವಾಫ್ ಮೊದಲಾದ ಊರುಗಳ ಪಾಳುಮನೆಗಳಿಂದ ಇಟ್ಟಿಗೆ ತಂದರು; ಒಂದು ಊರು ಏಳಲು ಇನ್ನೊಂದು ಊರು ತೆತ್ತ ಬೆಲೆ ಅದು. ೧೯೪೫ರ ಅಕ್ಟೋಬರಿನ ಒಂದು ಆಜ್ಞೆಯಿಂದ ನಗರದ ನಿವೇಶನಗಳೆಲ್ಲ ಸಾರ್ವಜನಿಕರ ಸೊತ್ತಾದವು. ಅದಿಲ್ಲದೆ ಇಷ್ಟು ಬೇಗ ಊರು ಏಳುತ್ತಿರಲಿಲ್ಲವೇನೋ. ಆದರೆ ನೆಲ ಕಳೆದುಕೊಂಡವರ ವಾರಸುದಾರರ ವ್ಯಾಜ್ಯಗಳು ಇಪ್ಪತ್ತೊಂದನೆಯ ಶತಮಾನಕ್ಕೂ ಕಾಲಿಟ್ಟವು.

ನಗರದ ನಡುವೆ ೨೩೭ ಮೀಟರು ಎತ್ತರಕ್ಕೆ ನಿಂತ 'ಸಂಸ್ಕೃತಿ ಮತ್ತು ವಿಜ್ಞಾನದ ಅರಮನೆ'ಯೂ ಇದೇ ಇತಿಹಾಸಕ್ಕೆ ಸೇರಿದುದು. ಸೋವಿಯತ್ ಒಕ್ಕೂಟದ ಉಡುಗೊರೆಯೆಂದು ೧೯೫೫ರಲ್ಲಿ ಮುಗಿದ ಈ ಗೋಪುರ ವಾರ್ಸಾದವರು ಕೇಳಿ ಪಡೆದುದಲ್ಲ. ಹೊಸ ಗಗನಚುಂಬಿಗಳು ಸುತ್ತಲೂ ಎದ್ದು ಈಗ ಅದರ ಎತ್ತರ ಅಷ್ಟಾಗಿ ಬೆದರಿಸುವುದಿಲ್ಲ.

ಮರಳಿ ಬಾರದ ಪಾಲು

ಹಳೆಯ ಪೇಟೆಯಿಂದ ಅರ್ಧ ಗಂಟೆಯೊಳಗೆ ನಡೆದು ಹೋಗಬಹುದಾದ ಬಡಾವಣೆ ಮುರಾನೂಫ್. ಇಲ್ಲಿ ಕೆತ್ತನೆಯ ಬಾಗಿಲುಗಳಿಲ್ಲ, ಬಣ್ಣದ ಮಹಲುಗಳಿಲ್ಲ. ಎಷ್ಟೋ ಮನೆಗಳು ರಸ್ತೆಗಿಂತ ಎತ್ತರದ ದಿಬ್ಬಗಳ ಮೇಲಿವೆ. ಮೆಟ್ಟಿಲು ಹತ್ತಿ ಬಾಗಿಲಿಗೆ ಹೋಗಬೇಕು. ಆ ದಿಬ್ಬಗಳು ಮಣ್ಣಿನವಲ್ಲ. ಯಹೂದಿಗಳ ಕೇರಿಯ ಅವಶೇಷಗಳನ್ನು ಪೂರ್ತಿ ಸಾಗಿಸಲಾಗದೆ ಅವುಗಳ ಮೇಲೆಯೇ ಹೊಸ ಬಡಾವಣೆ ಕಟ್ಟಿದರು. ವಾರ್ಸಾದ ಮೂರನೆಯ ಒಂದು ಪಾಲು ಜನರ ಬಾಳು ಈ ನೆಲದಡಿಯಲ್ಲಿದೆ. ಅವರ ಬೀದಿಗಳಿಗೂ ಛಾಯಾಚಿತ್ರಗಳಿದ್ದವು, ನಕ್ಷೆಗಳಿದ್ದವು. ಮರಳಿ ಬಂದು 'ನಮ್ಮ ಮನೆ ಇಲ್ಲಿತ್ತು' ಎಂದು ಹೇಳುವ ಜನ ಮಾತ್ರ ಉಳಿದಿರಲಿಲ್ಲ.

ಕಾಗದ ಇಲ್ಲಿಯೂ ಉಳಿಯಿತು. ಇತಿಹಾಸಕಾರ ಇಮ್ಯಾನುಯೆಲ್ ರಿಂಗೆಲ್‌ಬ್ಲೂಮರು ಗೋಡೆಯೊಳಗಿದ್ದಾಗ ಸಂಗಡಿಗರನ್ನು ಕೂಡಿಕೊಂಡು ಗುಟ್ಟಾಗಿ ದಾಖಲೆಗಳನ್ನು ಸಂಗ್ರಹಿಸಿದರು. ದಿನಚರಿ, ಪಡಿತರ ಚೀಟಿ, ಶಾಲಾ ಮಕ್ಕಳ ಪ್ರಬಂಧ, ನಾಟಕದ ಪ್ರಕಟಣೆ, ಸಾವಿನ ಲೆಕ್ಕ, ಮಿಠಾಯಿಯ ಹೊದಿಕೆ, ಯಾವುದನ್ನೂ ಅವರು ಕಡೆಗಣಿಸಲಿಲ್ಲ. ತಾವು ಉಳಿಯುವ ಆಸೆ ಕಡಿಮೆಯಾದಾಗ ಅವನ್ನು ತಗಡಿನ ಪೆಟ್ಟಿಗೆಗಳಲ್ಲಿಯೂ ಹಾಲಿನ ಕ್ಯಾನುಗಳಲ್ಲಿಯೂ ತುಂಬಿ ಹೂಳಿದರು. ೧೯೪೬ರಲ್ಲಿ ಒಂದು ಪಾಲು, ೧೯೫೦ರಲ್ಲಿ ಇನ್ನೊಂದು ಪಾಲು ದೊರೆಯಿತು. ಮೂರನೆಯದು ಸಿಕ್ಕಿಲ್ಲ. ರಿಂಗೆಲ್‌ಬ್ಲೂಮರನ್ನು ಹೆಂಡತಿ ಮತ್ತು ಮಗನೊಡನೆ ೧೯೪೪ರಲ್ಲಿ ಕೊಂದರು.

ಭಾರತೀಯ ಪ್ರವಾಸಿಗನು ಅರಿತಿರಬೇಕಾದ ಇನ್ನೊಂದು ಕತೆಯುಂಟು. ವೈದ್ಯರೂ ಮಕ್ಕಳ ಲೇಖಕರೂ ಆಗಿದ್ದ ಯಾನುಶ್ ಕೊರ್ಚಾಕರು ಯಹೂದಿ ಅನಾಥ ಮಕ್ಕಳ ಮನೆಯೊಂದನ್ನು ನಡೆಸುತ್ತಿದ್ದರು. ಮಕ್ಕಳೊಡನೆ ಅವರೂ ಗೋಡೆಯೊಳಕ್ಕೆ ಹೋದರು. ೧೯೪೨ರ ಜುಲೈ ೧೮ರಂದು ಆ ಮನೆಯಲ್ಲಿ ಮಕ್ಕಳು ಒಂದು ನಾಟಕವಾಡಿದರು. ಅದು ರವೀಂದ್ರನಾಥ ಠಾಕೂರರ 'ಅಂಚೆಯ ಮನೆ'. ಕಾಯಿಲೆಯಿಂದ ಕೋಣೆಯೊಳಗೆ ಬಂದಿಯಾದ ಅಮಲನೆಂಬ ಬಾಲಕ, ಕಿಟಕಿಯ ಹೊರಗಿನ ಲೋಕವನ್ನು ನೋಡುತ್ತ, ರಾಜನ ಪತ್ರಕ್ಕಾಗಿ ಕಾದು, ಕೊನೆಗೆ ಶಾಂತವಾಗಿ ನಿದ್ರೆಹೋಗುವ ನಾಟಕವದು. ಅಲ್ಲಿಂದ ನಾಲ್ಕನೆಯ ದಿನ ಸಾಗಾಟ ಆರಂಭವಾಯಿತು. ಆಗಸ್ಟ್ ಮೊದಲ ವಾರದಲ್ಲಿ ಸುಮಾರು ಇನ್ನೂರು ಮಕ್ಕಳನ್ನು ರೈಲಿಗೆ ಕರೆದೊಯ್ದಾಗ, ತಾವು ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಕೊರ್ಚಾಕರು ಅವರ ಜತೆಯನ್ನು ಬಿಡಲಿಲ್ಲ. ಸಂಸ್ಕೃತಿಯ ಅರಮನೆಯ ಪಕ್ಕದ ಉದ್ಯಾನದಲ್ಲಿ ಮಕ್ಕಳ ನಡುವೆ ನಿಂತ ಅವರ ಪ್ರತಿಮೆಯಿದೆ.

ಮುರಾನೂಫಿನ ನಡುವೆ ೧೯೪೮ರಲ್ಲಿ ಸ್ಥಾಪಿಸಿದ ಕೇರಿ ವೀರರ ಸ್ಮಾರಕವನ್ನು ಕಾಣಬಹುದು. ೧೯೭೦ರ ಡಿಸೆಂಬರ್ ೭ರಂದು ಪಶ್ಚಿಮ ಜರ್ಮನಿಯ ಪ್ರಧಾನಿ ವಿಲ್ಲಿ ಬ್ರಾಂಟರು ಹೂಮಾಲೆಯನ್ನಿರಿಸಿ, ಮಾತಿಲ್ಲದೆ ಮೊಣಕಾಲೂರಿದ್ದು ಇದರ ಮುಂದೆ. ಎದುರಿಗೆ, ೨೦೧೩ರಲ್ಲಿ ತೆರೆದ 'ಪೋಲಿನ್' ವಸ್ತುಸಂಗ್ರಹಾಲಯ ಪೋಲೆಂಡಿನ ಯಹೂದಿಗಳ ಸಾವಿರ ವರ್ಷಗಳ ಬದುಕನ್ನು ತೋರಿಸುತ್ತದೆ. ಅರ್ಧ ದಿನವನ್ನಾದರೂ ಇದಕ್ಕೆ ಮೀಸಲಿಡಬೇಕು.

ಒಬ್ಬ ಮಹಾರಾಜರ ಹೆಸರು

ವಾರ್ಸಾದ ಓಖೋತಾ ಬಡಾವಣೆಯಲ್ಲಿ 'ಒಳ್ಳೆಯ ಮಹಾರಾಜರ ಚೌಕ' ಎಂಬುದೊಂದು ಉಂಟು. ಆ ಮಹಾರಾಜರು ಸೌರಾಷ್ಟ್ರದ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ. ಪೂರ್ವ ಪೋಲೆಂಡಿನಿಂದ ಸೋವಿಯತ್ ಸರ್ಕಾರವು ಗಡೀಪಾರು ಮಾಡಿದ್ದ ಕುಟುಂಬಗಳ ಮಕ್ಕಳು, ಹಲವರು ಅನಾಥರಾಗಿ, ೧೯೪೨ರಲ್ಲಿ ಭಾರತಕ್ಕೆ ಬಂದಾಗ ಮಹಾರಾಜರು ಬಾಲಾಚಡಿಯಲ್ಲಿ ಅವರಿಗೆ ನೆಲೆ ಕೊಟ್ಟರು. ಬೆಳಗಾವಿಗೆ ಹೆಚ್ಚು ದೂರವಿಲ್ಲದ ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿಯೂ ೧೯೪೩ರಿಂದ ೧೯೪೮ರವರೆಗೆ ಸುಮಾರು ೫,೦೦೦ ಪೋಲಿಷ್ ನಿರಾಶ್ರಿತರ ಊರೊಂದಿತ್ತು. ಚರ್ಚು, ಶಾಲೆ, ರಂಗಭೂಮಿ ಎಲ್ಲವೂ ಅಲ್ಲಿದ್ದವು. ಕೊಲ್ಹಾಪುರದ ಉಪಕಾರಕ್ಕೂ ವಾರ್ಸಾದಲ್ಲಿ ಒಂದು ಸ್ಮಾರಕವಿದೆ.

ಪ್ರವಾಸಿಗನಿಗೆ ನಾಲ್ಕು ಮಾತು

ವಾರ್ಸಾವನ್ನು ನೋಡಲು ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಹಿತವಾದ ಕಾಲ. ಚಳಿಗಾಲದ ಹಿಮವನ್ನು ತಾಳುವವರಿಗೆ ಮಾತ್ರ ಡಿಸೆಂಬರ್, ಜನವರಿ. ಇಲ್ಲಿಯ ನಾಣ್ಯ ಯೂರೋ ಅಲ್ಲ, 'ಝ್ವೋತಿ'. ವಿಮಾನ ನಿಲ್ದಾಣಕ್ಕೆ ಶೊಪ್ಯಾನರ ಹೆಸರು.

ಕಂಬದ ಚೌಕದಿಂದ ದಕ್ಷಿಣಕ್ಕೆ ಸಾಗುವ ರಾಜಮಾರ್ಗವನ್ನು ಹಿಡಿದು ನಡೆದರೆ ವಿಶ್ವವಿದ್ಯಾಲಯ, ಶೊಪ್ಯಾನರ ಹೃದಯವಿರುವ ಚರ್ಚು, ಕೊಪರ್ನಿಕಸರ ಪ್ರತಿಮೆ ಒಂದಾದಮೇಲೊಂದು ಬರುತ್ತವೆ. ಮುಂದೆ ಕೊನೆಯ ದೊರೆಯ ವಿಹಾರಸ್ಥಾನವಾದ ವಾಜಿಯೆಂಕಿ ಉದ್ಯಾನ. ಒಡೆದುಹಾಕಿದ್ದ ಶೊಪ್ಯಾನರ ಪ್ರತಿಮೆಯನ್ನು ೧೯೫೮ರಲ್ಲಿ ಇಲ್ಲಿ ಮತ್ತೆ ನಿಲ್ಲಿಸಿದರು. ಮರುವರ್ಷದಿಂದ ಬೇಸಿಗೆಯ ಭಾನುವಾರಗಳಂದು ಅದರ ಅಡಿಯಲ್ಲಿ ಪಿಯಾನೋ ಕಚೇರಿ ನಡೆಯುತ್ತದೆ. ಹಣ ಕೊಡಬೇಕಾಗಿಲ್ಲ, ಹುಲ್ಲಿನ ಮೇಲೆ ಕುಳಿತು ಕೇಳಬಹುದು. ಯುದ್ಧದಲ್ಲಿ ಉಳಿದುಕೊಂಡ ನಿಜವಾದ ಹಳೆಯ ಅರಮನೆಯನ್ನೇ ನೋಡಬೇಕೆನ್ನುವವರು ಊರ ಅಂಚಿನ ವಿಲಾನೂಫಿಗೆ ಹೋಗಬೇಕು. ೧೬೮೩ರಲ್ಲಿ ವಿಯೆನ್ನಾದ ಬಳಿ ತುರ್ಕರನ್ನು ಹಿಮ್ಮೆಟ್ಟಿಸಿದ ದೊರೆ ಯಾನ್ ಸೊಬಿಯೆಸ್ಕಿಯ ಮನೆಯದು. ನದಿಯಾಚೆಯ ಪ್ರಾಗಾ ಭಾಗದಲ್ಲಿಯೂ ಯುದ್ಧಪೂರ್ವದ ಹಳೆಯ ಬೀದಿಗಳು ಉಳಿದಿವೆ.

ಶಾಕಾಹಾರಿಗಳು ಅಂಜಬೇಕಾಗಿಲ್ಲ. 'ಹಾಲಿನ ಹೋಟೆಲು' ಎಂಬ ಅಗ್ಗದ ಊಟದ ಮನೆಗಳು ಇಲ್ಲಿಯ ವೈಶಿಷ್ಟ್ಯ. ೧೮೯೬ರಲ್ಲಿ ನೋವಿ ಶ್ವಿಯಾತ್ ಬೀದಿಯಲ್ಲಿ ಇಂಥ ಮೊದಲನೆಯದು ತೆರೆಯಿತು. ಆಲೂಗಡ್ಡೆ, ಗಿಣ್ಣಿನ ಹೂರಣ ತುಂಬಿ ಬೇಯಿಸಿದ 'ಪಿಯೆರೋಗಿ' ನಮ್ಮ ಕಡುಬಿನ ದೂರದ ನೆಂಟ; ತೆಳ್ಳಗಿನ 'ನಲೆಶ್‌ನಿಕಿ' ಮೈದಾ ಹಿಟ್ಟಿನ ದೋಸೆಯಂತಿರುತ್ತದೆ. ಪಿಯೆರೋಗಿಯ ಮೇಲೆ ಹುರಿದ ಹಂದಿಕೊಬ್ಬಿನ ಚೂರು ಉದುರಿಸುವ ವಾಡಿಕೆಯುಂಟು. ಬೇಡವೆಂದು ಮೊದಲೇ ಹೇಳಿದರೆ ಒಳ್ಳೆಯದು.

ಸಾಧ್ಯವಾದರೆ ಆಗಸ್ಟ್ ೧ರಂದು ಊರಿನಲ್ಲಿರುವಂತೆ ಹೋಗಬೇಕು. ಅಂದು ಸಂಜೆ ಐದು ಗಂಟೆಗೆ ಊರೆಲ್ಲ ಸೈರನ್ ಕೂಗುತ್ತದೆ. ಬಸ್ಸು, ಟ್ರಾಮು, ಮೋಟಾರುಗಳು ಇದ್ದಲ್ಲಿಯೇ ನಿಲ್ಲುತ್ತವೆ. ಬೀದಿಯಲ್ಲಿ ಹೋಗುತ್ತಿದ್ದವರು ಕೈಚೀಲವನ್ನು ಕೆಳಗಿಟ್ಟು ಸುಮ್ಮನೆ ನಿಲ್ಲುತ್ತಾರೆ. ದಂಗೆಯನ್ನು ಕಂಡವರು ಇಂದು ಬೆರಳೆಣಿಕೆಯಷ್ಟೇ. ನಿಂತವರಲ್ಲಿ ಹೆಚ್ಚಿನವರು ಯುದ್ಧ ಮುಗಿದು ದಶಕಗಳಾದ ಮೇಲೆ ಹುಟ್ಟಿದವರು. ಒಂದು ನಿಮಿಷ ಕಳೆದ ಮೇಲೆ ಟ್ರಾಮಿನ ಗಂಟೆ ಬಾರಿಸುತ್ತದೆ, ಜನ ಚೀಲಗಳನ್ನೆತ್ತಿಕೊಂಡು ತಮ್ಮ ತಮ್ಮ ಮನೆಯ ದಾರಿ ಹಿಡಿಯುತ್ತಾರೆ.